ಕತ್ತರಿ ಅಕ್ಕ ಎರಡು ಪ್ಲ್ಯಾನು ತೂಗಿದ ಮಧ್ಯಾಹ್ನ

ತಲೆಯನ್ನು ಇನ್ನೊಬ್ಬರ ಕೈಗೆ ಕೊಟ್ಟು ಕೂತ ಮೇಲೆ ಅವರ ಮಾತು ಕೇಳದೆ ಬೇರೆ ದಾರಿಯಿಲ್ಲ. ಕುತ್ತಿಗೆ ಸುತ್ತ ಬಟ್ಟೆ ಬಿಗಿದಿದೆ, ಕಿವಿಯ ಪಕ್ಕದಲ್ಲೇ ಕತ್ತರಿ ಕಚಕಚ ಅನ್ನುತ್ತಿದೆ, ಎದ್ದು ಓಡೋಣ ಅಂದರೆ ಒಂದು ಕಡೆಯ ಕೂದಲು ಇನ್ನೂ ಹಾಗೇ ಇದೆ. ಕತ್ತರಿ ಅಕ್ಕ ಈ ಗುಟ್ಟನ್ನು ಯಾವ ಮೀಟಿಂಗಿಗೂ ಹೋಗದೆ ಕಲಿತವಳು. ಹೆಂಗಸರ ಕೂದಲು ಕತ್ತರಿಸುವ ಆ ಎರಡು ಕುರ್ಚಿಯ ಅಂಗಡಿಯಲ್ಲಿ ಅವಳು ಗಂಡು ತೋರಿಸಿದ್ದಾಳೆ, ಬಾಡಿಗೆ ಮನೆ ಹುಡುಕಿಕೊಟ್ಟಿದ್ದಾಳೆ, ಮಾತು ಬಿಟ್ಟ ಅಕ್ಕತಂಗಿಯರನ್ನು ಅಕ್ಕಪಕ್ಕದ ಕುರ್ಚಿಗಳಲ್ಲಿ ಕೂರಿಸಿ ರಾಜಿ ಮಾಡಿಸಿದ್ದಾಳೆ. ಶಾಂಪೂ ಕಂಪನಿಗೆ ಜನ ಸೇರಿಸುವುದು ಅವಳಿಗೆ ಯಾವ ಲೆಕ್ಕ!

ಚಿಕ್ಕವಳಿದ್ದಾಗಿನಿಂದ ಕೈಯಲ್ಲಿ ಕತ್ತರಿ. ಮನೆ ತುಂಬ ತಮ್ಮಂದಿರು ತಂಗಿಯರು. ಕ್ಷೌರದ ಖರ್ಚು ಅಂದರೆ ಅಪ್ಪ ಗುರ್ ಅನ್ನುತ್ತಿದ್ದರು. ಹಾಗಾಗಿ ಹಿತ್ತಲಲ್ಲಿ ಬಕೆಟ್ ಬೋರಲು ಹಾಕಿ ಒಬ್ಬೊಬ್ಬರನ್ನೇ ಕೂರಿಸಿ ಕತ್ತರಿಸುತ್ತಿದ್ದಳು. ದೊಡ್ಡವಳಾದ ಮೇಲೆ ಒಂದು ಪಾರ್ಲರಿನಲ್ಲಿ ಬಿದ್ದ ಕೂದಲು ಗುಡಿಸುವ ಕೆಲಸ. ಗುಡಿಸುತ್ತಾ ನೋಡಿ, ನೋಡುತ್ತಾ ಕಲಿತು, ಕೊನೆಗೆ ಸ್ವಂತ ಅಂಗಡಿ. ಕಿವಿಯ ಹತ್ತಿರ ಬಂದಾಗ ಎಡಗೈಯ ಎರಡು ಬೆರಳಿಂದ ಕಿವಿಯನ್ನು ಮೃದುವಾಗಿ ಮಡಚಿ ಹಿಡಿಯುತ್ತಿದ್ದಳು. ಒಬ್ಬರ ಕಿವಿಗೂ ಗಾಯವಾಗಿದ್ದಿಲ್ಲ. ಆ ಕೈಯನ್ನು ನಂಬಿದವರು ಆ ಬಾಯನ್ನೂ ನಂಬಿದರು.

ಮನೆಯಲ್ಲಿ ಅತ್ತೆ, ಗಂಡ, ಮೈದುನ, ಓರಗಿತ್ತಿ, ಓರಗಿತ್ತಿಯ ಪುಟ್ಟ ಮಗಳು. ಗಂಡ ಲಿಫ್ಟ್ ರಿಪೇರಿ ಮಾಡುವವನು. ಊಟಕ್ಕೆ ಕರೆದಾಗಲೆಲ್ಲ ಯಾವುದೋ ಕಟ್ಟಡದ ಎರಡು ಮಹಡಿಗಳ ನಡುವೆ ಇರುತ್ತಿದ್ದ. ಮೈದುನ ದೂರದ ಲಾರಿ ಓಡಿಸುತ್ತಿದ್ದ. ಬಂದರೆ ಬಂದ, ಕೊಟ್ಟರೆ ಕೊಟ್ಟ. ಹಾಗಾಗಿ ಓರಗಿತ್ತಿಯ ದುಡಿಮೆಯೇ ಅವಳ ಸಂಸಾರಕ್ಕೆ ಆಧಾರ. ಅವಳು ದೊಡ್ಡಾಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ದಿನಗೂಲಿಗೆ ದುಡಿಯುತ್ತಿದ್ದಳು. ಹಬೆ ತಾಗಿ ಮೊಣಕೈವರೆಗೂ ಕೆಂಪು ಕಲೆಗಳು.

ಶಾಂಪೂ ಕಂಪನಿಯ ಮಾತು ಮನೆಗೆ ತಂದವನು ಕೋಟು. ಕಂಪನಿಯ ಏಜೆಂಟು; ಎಂಥ ಸೆಕೆಯಲ್ಲೂ ಕೋಟು ಬಿಚ್ಚದವನು ಅಂತ ಅತ್ತೆಯೇ ಇಟ್ಟ ಹೆಸರು. ಕತ್ತರಿ ಅಕ್ಕನನ್ನು ಸೇರಿಸಿದವನು ಅವನೇ. ಪ್ಲ್ಯಾನು ಕೇಳೋಕೆ ಸುಲಭ. ನೀನು ಸೇರಿದೆ ಅಂದರೆ ನಿನ್ನ ಕೆಳಗೆ ಎರಡು ಕಾಲು, ಒಂದು ಎಡಗಾಲು, ಒಂದು ಬಲಗಾಲು. ಎರಡರ ಕೆಳಗೂ ಜನ ಸೇರುತ್ತಾ ಹೋಗಬೇಕು, ಸೇರಿದವರು ತಿಂಗಳು ತಿಂಗಳು ಶಾಂಪೂ, ಕ್ರೀಮು, ಶಕ್ತಿಯ ಪುಡಿ ಕೊಳ್ಳಬೇಕು. ಎರಡು ಕಾಲಲ್ಲಿ ಯಾವುದು ಗಿಡ್ಡವೋ ಅದರ ಅಳತೆಗೆ ನಿನಗೆ ಕಮಿಷನ್. ಒಂದು ಕಾಲು ಆಕಾಶ ಮುಟ್ಟಿ ಇನ್ನೊಂದು ಇಲ್ಲವೇ ಇಲ್ಲ ಅಂದರೆ, ಕೈಗೆ ಬರುವುದೂ ಇಲ್ಲವೇ ಇಲ್ಲ.

ಕತ್ತರಿ ಅಕ್ಕ ಓರಗಿತ್ತಿಯನ್ನು ಎಡಗಾಲು ಮಾಡಿದಳು. ಬಲಗಾಲಿಗೆ ಬೇರೆ ಯಾರೂ ಸಿಗದೆ ಅತ್ತೆಯ ಹೆಸರನ್ನೇ ಹಾಕಿದಳು.

"ನನ್ನನ್ನ ಬಲಗಾಲು ಮಾಡಿದ್ದೀಯಂತೆ?" ಅಂದರು ಅತ್ತೆ. "ನನ್ನ ಬಲಮಂಡಿ ನೋವಿಗೆ ನಿನ್ನ ಕಂಪನಿ ಏನಾದ್ರೂ ಕೊಡುತ್ತೇನೇ?"

"ಕೊಡುತ್ತೆ ಅತ್ತೆ. ಶಕ್ತಿ ಪುಡಿ."

"ಅದನ್ನ ನೀನೇ ತಿನ್ನು. ನನಗೆ ಕೂರೋಕೆ ಒಂದು ಸ್ಟೂಲು ಕೊಡು ಸಾಕು."

ಅಂಗಡಿಗೆ ಬಂದ ಗಿರಾಕಿಗಳನ್ನೆಲ್ಲ ಕತ್ತರಿ ಅಕ್ಕ ಓರಗಿತ್ತಿಯ ಎಡಗಾಲಿನ ಕೆಳಗೇ ಸಾಲಾಗಿ ಇಳಿಸುತ್ತಾ ಹೋದಳು. ಪ್ರೀತಿಯಿಂದಲೇ. "ನಿನ್ನ ಕಾಲು ನಾನೇ ಬೆಳೆಸ್ತೀನಿ ಕಣೇ" ಅಂತಿದ್ದಳು. ಫೋನಿನಲ್ಲಿ ಆ ಸಾಲು ಉದ್ದವಾಗುವುದನ್ನು ಓರಗಿತ್ತಿ ಮಗುವಿನ ಹಾಗೆ ಕಣ್ಣರಳಿಸಿ ನೋಡುತ್ತಿದ್ದಳು. ಅವಳೂ ಸುಮ್ಮನಿರಲಿಲ್ಲ, ಲಾಂಡ್ರಿಯ ಐವರು ಹೆಂಗಸರನ್ನು ಮಾತಾಡಿಸಿ ಒಪ್ಪಿಸಿದಳು.

"ಇವರನ್ನ ಅತ್ತೆ ಕಡೆ ಹಾಕ್ತೀನಿ, ನನ್ನ ಬಲಗಾಲು ಸೊರಗಿದೆ" ಅಂದಳು ಕತ್ತರಿ ಅಕ್ಕ.

"ಎಲ್ಲಾ ಮನೇದೇ ತಾನೆ ಅಕ್ಕ. ಎಲ್ಲಾದ್ರೂ ಹಾಕು."

ಸೇರಿಸಿದವರು ಯಾರು ಅಂತ ಫೋನು ಕೇಳಿದ ಜಾಗದಲ್ಲಿ ಕತ್ತರಿ ಅಕ್ಕ ತನ್ನ ಹೆಸರನ್ನೇ ಒತ್ತಿದಳು. ಮನಸ್ಸಲ್ಲಿ ಕಳ್ಳತನವಿರಲಿಲ್ಲ, ಒಂದೇ ಒಲೆಯ ಮೇಲೆ ಅಡುಗೆಯಾಗುವ ಮನೆಯಲ್ಲಿ ಯಾರ ಹೆಸರಾದರೇನು ಅಂತಷ್ಟೇ. ಆ ವರ್ಷ ಅವಳಿಗೆ ಅಷ್ಟಿಷ್ಟು ಕಮಿಷನ್ ಬಂತು. ಓರಗಿತ್ತಿಗೆ ಏನೂ ಬರಲಿಲ್ಲ. "ಕಾಲು ಬೆಳೀತಿದೆಯಲ್ಲ, ಇನ್ನೇನು" ಅಂತ ಇಬ್ಬರೂ ಹೇಳಿಕೊಂಡರು.

ಹೀಗಿರುವಾಗ ಕೋಟು ಇದ್ದಕ್ಕಿದ್ದಂತೆ ಕಂಪನಿ ಬದಲಿಸಿದ. ಹಳೆಯದು ಹಳಸಿತಂತೆ, ಹೊಸದರಲ್ಲಿ ಭವಿಷ್ಯವಂತೆ. "ಇಲ್ಲಿ ಕಾಲು ಗೀಲು ಏನೂ ಇಲ್ಲ, ಮೆಟ್ಟಿಲು" ಅಂದ. "ನೀವು ಕರ್ಕೊಂಡು ಬಂದೋರು ಮೊದಲ ಮೆಟ್ಟಿಲು, ಅವರು ಕರ್ಕೊಂಡು ಬಂದೋರು ಎರಡನೇ ಮೆಟ್ಟಿಲು. ಏಳನೇ ಮೆಟ್ಟಿಲವರೆಗೂ ಯಾರು ಏನು ಕೊಂಡ್ರೂ ನಿಮಗೊಂದು ಪಾಲು. ಹಳೇ ಕಂಪನಿಯಲ್ಲಿ ಯಾರು ಯಾರನ್ನ ಸೇರಿಸಿದ್ದಾರೋ ಹಾಗೇ ಎತ್ತಿ ಇಲ್ಲಿಗೆ ಇಳಿಸ್ತೀನಿ. ಈ ವಾರದ ಮೀಟಿಂಗಿಗೆ ಎಲ್ಲರನ್ನೂ ಕರ್ಕೊಂಡು ಬನ್ನಿ, ನಿಮಗೆ ವೇದಿಕೆ ಮೇಲೇ ದೊಡ್ಡ ರ‍್ಯಾಂಕು. ಆದರೆ ಓಡೋರು ಬೇಕು ಅಕ್ಕ. ಬೇರೆ ಕೆಲಸ ಇಟ್ಕೊಂಡ ಅರ್ಧ ದಿನದ ಜನ ಬೇಡ."

ಓಡುವವರು ಅಂದರೆ ಓರಗಿತ್ತಿ. ಅದೇ ವಾರ ಲಾಂಡ್ರಿಯಲ್ಲಿ ಒಂದು ಖಾಯಂ ಜಾಗ ಖಾಲಿಯಾಗಿ, ಅದನ್ನು ಅವಳಿಗೇ ಕೊಡುತ್ತೇವೆ ಅಂದಿದ್ದರು. ಒಪ್ಪಿದರೆ ತಿಂಗಳ ಸಂಬಳ, ರಜೆ, ಮಗಳ ಔಷಧಿ ಪುಕ್ಕಟೆ. ಮೀಟಿಂಗಿನ ದಿನವೇ ಐದು ಗಂಟೆಗೆ ಪಾಳಿ ಮುಗಿಯುವಾಗ ಹೌದು ಅನ್ನಬೇಕು. ಇಲ್ಲವಾದರೆ ಬಾಗಿಲಲ್ಲಿ ಕಾದಿರುವ ಇನ್ನೊಬ್ಬಳಿಗೆ ಅದು ಹೋಗುತ್ತದೆ, ದಿನಗೂಲಿಯೂ ಅಲ್ಲಿಗೆ ಮುಗಿಯುತ್ತದೆ.

ಅವತ್ತು ಬೆಳಿಗ್ಗೆ ಓರಗಿತ್ತಿ ಚಪ್ಪಲಿ ಮೆಟ್ಟುತ್ತಾ ಕೇಳಿದಳು, "ಬೇಡ ಅಂತ ಹೇಳಿಬಿಡ್ಲಾ ಅಕ್ಕ?"

"ಹೇಳಿಬಿಡು" ಅಂದಳು ಕತ್ತರಿ ಅಕ್ಕ. "ಆ ಹಬೆಯಲ್ಲಿ ಎಷ್ಟು ದಿನ ಬೇಯ್ತೀಯ. ನಿನ್ನ ಕೆಳಗೆ ನಲವತ್ತು ಜನ ಇದ್ದಾರೆ ಕಣೇ."

ಮಧ್ಯಾಹ್ನ ಅಂಗಡಿಯಲ್ಲಿ ಒಬ್ಬರೇ ಗಿರಾಕಿ. ನಿವೃತ್ತಿಯಾದ ಟೀಚರಮ್ಮ. ತಲೆಗೆ ಬಣ್ಣ ಹಚ್ಚಿಸಿಕೊಂಡು ಪ್ಲಾಸ್ಟಿಕ್ ಟೋಪಿ ಹಾಕಿ ಕೂತಿದ್ದರು. ಬಣ್ಣ ಹಿಡಿಯುವವರೆಗೆ ಕೈಗೆ ಕೆಲಸವಿಲ್ಲ. ಸಂಜೆ ಜನರ ಮುಂದೆ ಎರಡು ಪ್ಲ್ಯಾನನ್ನೂ ಹೋಲಿಸಿ ಹೇಳಬೇಕಲ್ಲ, ಒಮ್ಮೆ ಅಭ್ಯಾಸ ಮಾಡೋಣ ಅಂತ ಕತ್ತರಿ ಅಕ್ಕ ಒಂದು ಸೋಪಿನ ಚೂರು ತೆಗೆದುಕೊಂಡು ಕನ್ನಡಿಯ ಮೇಲೆ ಬರೆಯತೊಡಗಿದಳು. ಎಡಗಡೆ ಹಳೇ ಪ್ಲ್ಯಾನು. ಬಲಗಡೆ ಹೊಸದು. ನಡುವೆ ಟೀಚರಮ್ಮನ ಟೋಪಿಯ ಪ್ರತಿಬಿಂಬ.

ಮೊದಲು ತನ್ನ ಲೆಕ್ಕ. ಹಳೇ ಪ್ಲ್ಯಾನಿನಲ್ಲಿ ಎಡಗಾಲು ಉದ್ದ, ಬಲಗಾಲು ಗಿಡ್ಡ. ಗಿಡ್ಡ ಕಾಲಿನಷ್ಟು ಬರುತ್ತದೆ. ಹೊಸದರಲ್ಲಿ ಮೊದಲ ಮೆಟ್ಟಿಲಲ್ಲೇ ಎಲ್ಲರೂ ಇದ್ದಾರೆ. ಇನ್ನೂ ಹೆಚ್ಚು ಬರುತ್ತದೆ. ಹೊಸದೇ ಮೇಲು. "ಸರಿ ಇದೆ" ಅಂದಳು ತನಗೆ ತಾನೇ.

"ಏನು ಸರಿ?" ಅಂದರು ಟೀಚರಮ್ಮ. "ನನ್ನ ನೆತ್ತಿ ಉರೀತಿದೆ."

"ಉರಿದ್ರೆ ಹಿಡಿದಿದೆ ಅಂತ. ಸ್ವಲ್ಪ ತಡೀರಿ."

ಅವಳಿಗೊಂದು ಅಭ್ಯಾಸವಿತ್ತು. ಕೂದಲು ಕತ್ತರಿಸಿ ಮುಗಿಸಿದ ಮೇಲೆ ಗಿರಾಕಿಯ ಹಿಂದೆ ನಿಂತು ನೋಡಿದರೆ ಸಾಲದು, ಬಗ್ಗಿ ಅವರ ಮುಖದ ಮಟ್ಟಕ್ಕೆ ಬಂದು, ಅವರಿಗೆ ಹೇಗೆ ಕಾಣುತ್ತದೋ ಹಾಗೆ ಕನ್ನಡಿಯಲ್ಲಿ ನೋಡುತ್ತಿದ್ದಳು. ಅದೇ ಅಭ್ಯಾಸದಲ್ಲಿ ಓರಗಿತ್ತಿಯ ಜಾಗದಿಂದ ಒಮ್ಮೆ ನೋಡೋಣ ಅಂತ ಖಾಲಿ ಕುರ್ಚಿಯಲ್ಲಿ ಕೂತಳು. ಕನ್ನಡಿಯ ಮೇಲೆ ಓರಗಿತ್ತಿಗೊಂದು ಸುತ್ತು ಹಾಕಿ, ಅಲ್ಲಿಂದ ಕೆಳಕ್ಕೆ ಗೆರೆ ಎಳೆದಳು.

ಹಳೇ ಪ್ಲ್ಯಾನು. ಎಡಗಾಲಿನಲ್ಲಿ ನಲವತ್ತು ಜನ. ಬಲಗಾಲಿನಲ್ಲಿ? ಸೋಪು ಅಲ್ಲೇ ನಿಂತಿತು. ಯಾರೂ ಇಲ್ಲ. ಅಲ್ಲಿ ಇರಬೇಕಾದ ಲಾಂಡ್ರಿಯ ಐವರನ್ನು ತಾನೇ ಅತ್ತೆಯ ಕೆಳಗೆ ಹಾಕಿದ್ದಳಲ್ಲ, ತನ್ನ ಬಲಗಾಲಿಗೆ. ಗಿಡ್ಡ ಕಾಲಿನ ಅಳತೆಗೆ ದುಡ್ಡು. ಕಾಲೇ ಇಲ್ಲದಿದ್ದರೆ ಅಳೆಯುವುದೇನು?

ಹೋಗಲಿ, ಹೊಸ ಪ್ಲ್ಯಾನು. ಓರಗಿತ್ತಿ ಸೇರಿಸಿದವರು ಮೊದಲ ಮೆಟ್ಟಿಲು. ಅವಳು ಸೇರಿಸಿದವರು ಯಾರು? ಗಿರಾಕಿಗಳೆಲ್ಲ ಕತ್ತರಿ ಅಕ್ಕನ ಹೆಸರಲ್ಲಿ. ಲಾಂಡ್ರಿಯವರೂ ಕತ್ತರಿ ಅಕ್ಕನ ಹೆಸರಲ್ಲಿ. ಅವಳ ಕೆಳಗೆ ಒಂದು ನರಪಿಳ್ಳೆಯೂ ಇಲ್ಲ. ಯಾವ ಪ್ಲ್ಯಾನು ಮೇಲು ಅಂತ ಕೋಟು ವಾರದಿಂದ ತಲೆ ತಿಂದಿದ್ದ. ಎರಡರಲ್ಲೂ ಅವಳಿಗೆ ಸೊನ್ನೆ. ಇವತ್ತೂ ಸೊನ್ನೆ, ಓಡಿ ಓಡಿ ಸತ್ತರೂ ಬಹಳ ಕಾಲದವರೆಗೆ ಸೊನ್ನೆ.

ಗೋಡೆಯ ಗಡಿಯಾರ ನೋಡಿದಳು. ನಾಲ್ಕು ದಾಟಿತ್ತು.

ಓರಗಿತ್ತಿಗೆ ಫೋನು ಮಾಡುವ ಹಾಗಿಲ್ಲ. ಲಾಂಡ್ರಿಯೊಳಗೆ ಫೋನು ಬಿಡುವುದಿಲ್ಲ. ಕೋಟಿಗೆ ಮಾಡಿದಳು.

"ನನ್ನ ಓರಗಿತ್ತಿ ಕರ್ಕೊಂಡು ಬಂದ ಐದು ಜನ ಇದ್ದಾರಲ್ಲ, ಹೊಸದರಲ್ಲಿ ಅವರನ್ನ ಅವಳ ಹೆಸರಿಗೆ ಹಾಕಿಕೊಡಿ."

"ಆಗಲ್ಲ ಅಕ್ಕ. ಒಂದು ಸಲ ಕೂತ ಜಾಗ ಕೂತ ಹಾಗೇ. ಕಂಪನಿ ಒಪ್ಪಲ್ಲ."

"ಹಾಗಾದ್ರೆ ಅವಳಿಗೆ ಏನೂ ಬರಲ್ಲ."

"ಈಗ ಬರಲ್ಲ. ಅವರದ್ದೇ ಜನ ತರ‍್ತಾರೆ, ಆಮೇಲೆ ಬರುತ್ತೆ."

"ಅವಳು ಇವತ್ತು ಕೆಲಸ ಬಿಡ್ತಿದ್ದಾಳೆ ರೀ!"

"ಬಿಡ್ಲಿ, ಒಳ್ಳೇದೇ ಆಯ್ತು." ಅವನ ದನಿ ಬೆಣ್ಣೆಯಷ್ಟು ನುಣುಪು. "ಸಂಬಳ ಇರೋರು ಓಡಲ್ಲ. ಹೊಟ್ಟೆ ಹಸಿದೋರು ಓಡ್ತಾರೆ. ಅವರು ಓಡಿದ್ರೆ ಬೆಳೆಯೋದು ಯಾರು? ನೀವು. ನಿಜ ಹೇಳಬೇಡಿ ಅಂತ ನಾನು ಹೇಳಲ್ಲ. ನಾಳೆ ಹೇಳಿ."

ಕತ್ತರಿ ಅಕ್ಕ ಫೋನು ಇಟ್ಟಳು. ನಾಳೆ ಹೇಳಿದರೆ ಏನು ನಷ್ಟ? ವೇದಿಕೆ, ರ‍್ಯಾಂಕು, ಚಪ್ಪಾಳೆ ಎಲ್ಲ ಇವತ್ತು ಸಂಜೆಗೆ ಕಾದಿದೆ. ಓರಗಿತ್ತಿ ಬರದಿದ್ದರೆ ಲಾಂಡ್ರಿಯ ಐವರೂ ಬರುವುದಿಲ್ಲ, ಮಾತು ಅಂಗಡಿಯವರೆಗೂ ಬರುತ್ತದೆ, ಗಿರಾಕಿಗಳೂ ಹಿಂದೆಗೆಯುತ್ತಾರೆ. ಒಂದು ವರ್ಷದ ದುಡಿಮೆ ಒಂದು ಸಂಜೆಗೆ ನೀರುಪಾಲಾಗುತ್ತದೆ. ಸೋಪಿನ ಚೂರು ಅಂಗೈಯ ಬೆವರಿಗೆ ಕರಗಿ ಅಂಟಾಗಿತ್ತು. ಅವಳು ಅದನ್ನು ಕೈಯಲ್ಲೇ ಹಿಡಿದು ಕನ್ನಡಿಯನ್ನು ನೋಡುತ್ತಾ ನಿಂತೇ ಇದ್ದಳು.

"ಏನೇ, ಮಾತು ಹೋಯ್ತಾ?" ಅಂದರು ಟೀಚರಮ್ಮ.

"ಟೀಚರಮ್ಮ, ಬಕೆಟಲ್ಲಿ ಬಿಸಿನೀರಿದೆ. ಮಗ್ಗು ಪಕ್ಕದಲ್ಲೇ ಇದೆ. ನೀವೇ ತೊಳ್ಕೊಂಡುಬಿಡಿ."

"ನಾನೇ? ಹಾಳಾದೋಳೇ, ನನ್ನ ಕಣ್ಣಿಗೆ ಬಿದ್ರೆ?"

"ಕಣ್ಣು ಮುಚ್ಕೊಳ್ಳಿ!" ಅಂತ ಕೂಗುವಷ್ಟರಲ್ಲಿ ಅವಳು ಬೀದಿಗಿಳಿದಿದ್ದಳು.

ಆಟೋ ಸಿಗಲಿಲ್ಲ. ಬಸ್ಸು ಸಿಕ್ಕಿತು, ಸಿಗ್ನಲ್ಲಿನಲ್ಲಿ ನಿಂತುಬಿಟ್ಟಿತು. ಇಳಿದು ಓಡಿದಳು. ಆಸ್ಪತ್ರೆಯ ಹಿಂಬಾಗಿಲ ಕಾವಲುಗಾರ ಅಡ್ಡ ಕೈ ಹಿಡಿದು, ಆಮೇಲೆ ಗುರುತು ಹಿಡಿದ. ಅವನ ಹೆಂಡತಿ ಇವಳ ಗಿರಾಕಿ.

"ಲಾಂಡ್ರಿಗೆ ಬಿಡಿ, ಎರಡೇ ಮಾತು."

"ನಮ್ಮನೆಯೋಳಿಗೂ ಆ ಪುಡಿ ಮಾರಿದ್ದೀಯಲ್ಲಮ್ಮ, ಅದರ ಬಗ್ಗೆ ನಾನೂ ಎರಡು ಮಾತು ಆಡೋದಿದೆ."

"ಆಡಿ, ಬೈಯಿರಿ, ಆಮೇಲೆ. ಈಗ ಬಿಡಿ."

ನೆಲಮಾಳಿಗೆಯಲ್ಲಿ ಹಬೆ ಕಣ್ಣಿಗೆ ಕವಿಯಿತು. ಗೋಡೆಯಿಂದ ಗೋಡೆಗೆ ಒಂದು ಬಿಸಿ ಉರುಳೆ, ಚಾದರಕ್ಕೆ ಇಸ್ತ್ರಿ ಹಾಕುವ ಯಂತ್ರ. ಆ ಕಡೆಯಿಂದ ಇಬ್ಬರು ಹಸಿ ಚಾದರ ಒಳಗೆ ಬಿಡುತ್ತಾರೆ, ಈ ಕಡೆ ಅದು ಒಣಗಿ ಚಪ್ಪಟೆಯಾಗಿ ಬರುತ್ತದೆ, ಇಬ್ಬರು ಹಿಡಿದು ಮಡಚುತ್ತಾರೆ. ಉರುಳೆ ಯಾರಿಗೂ ಕಾಯುವುದಿಲ್ಲ. ಓರಗಿತ್ತಿ ಈ ಕಡೆ ಒಬ್ಬಳೇ ಒದ್ದಾಡುತ್ತಿದ್ದಳು.

"ಅಕ್ಕ! ನೀನ್ಯಾಕೆ ಇಲ್ಲಿ? ಅತ್ತೆಗೇನಾದ್ರೂ ಆಯ್ತಾ?"

"ಅತ್ತೆ ಗಟ್ಟಿಯಾಗಿದ್ದಾರೆ. ನೀನು ಹೇಳಿಬಿಟ್ಟೆಯಾ?"

"ಇನ್ನೂ ಇಲ್ಲ, ಸೀಟಿ ಮೇಡಮ್ ಈಗ ಬರ‍್ತಾರೆ. ಆ ತುದಿ ಹಿಡ್ಕೋ. ನನ್ನ ಜೊತೆಯೋಳು ನೀರು ಕುಡಿಯೋಕೆ ಹೋದೋಳು ಪತ್ತೆಯಿಲ್ಲ."

ಸೀಟಿ ಅಂದರೆ ಮೇಲ್ವಿಚಾರಕಿ. ಯಂತ್ರದ ಸದ್ದಿನಲ್ಲಿ ಕೂಗಿ ಗಂಟಲು ಕೆಡಿಸಿಕೊಳ್ಳುವ ಬದಲು ಕೊರಳಿಗೆ ಸೀಟಿ ಕಟ್ಟಿಕೊಂಡವಳು. ಕತ್ತರಿ ಅಕ್ಕ ಚಾದರದ ತುದಿ ಹಿಡಿದಳು. ಬೆರಳು ಚುರುಕ್ಕೆಂದಿತು. ಇಬ್ಬರೂ ಹಿಂದೆ ಸರಿದು ಎಳೆದರು, ಮುಂದೆ ಬಂದು ತುದಿಗೆ ತುದಿ ಸೇರಿಸಿದರು.

"ಬೇಡ ಅನ್ನಬೇಡ. ಖಾಯಂ ಕೆಲಸ ಒಪ್ಕೋ."

"ಬೆಳಿಗ್ಗೆ ನೀನೇ ಬಿಡು ಅಂದೆ."

"ಅಂದೆ. ಈಗ ಬಿಡಬೇಡ ಅಂತಿದ್ದೀನಿ."

ಚಾದರ ಬುಟ್ಟಿಗೆ ಬಿತ್ತು. ಮುಂದಿನದು ಬಂತು. ಓರಗಿತ್ತಿಯ ಮುಖ ಬಿಗಿಯಿತು. "ಓಹೋ. ಗೊತ್ತಾಯ್ತು ಬಿಡು. ನಾನು ಕಂಪನಿಗೆ ಪೂರ್ತಿ ಇಳಿದ್ರೆ ನಿನ್ನ ಸಮ ಬಂದುಬಿಡ್ತೀನಿ. ಈ ಮನೆಗೆ ಬಂದಾಗಿನಿಂದ ಒಲೆ ಮುಂದೆ ನೀನು, ಪಾತ್ರೆ ಮುಂದೆ ನಾನು. ಅದು ಹಾಗೇ ಇರ‍್ಬೇಕು ನಿನಗೆ."

"ಅಲ್ಲ ಕಣೇ."

"ಮತ್ತೇನು? ಹೊಟ್ಟೆಕಿಚ್ಚಲ್ದೆ ಇನ್ನೇನು? ನಲವತ್ತು ಜನ ನನ್ನ ಕೆಳಗೆ."

"ನಿನ್ನ ಕೆಳಗೆ ಯಾರೂ ಇಲ್ಲ."

ಓರಗಿತ್ತಿ ತುದಿ ಹಿಡಿದವಳು ಮುಂದೆ ಬರಲಿಲ್ಲ. ಚಾದರ ಇಬ್ಬರ ನಡುವೆ ಜೋತು ನೆಲ ಮುಟ್ಟಿತು.

"ನೀನೇ ಫೋನಲ್ಲಿ ತೋರಿಸಿದ್ದೀಯಲ್ಲ ಅಕ್ಕ."

"ತೋರಿಸಿದ್ದೆ. ಅವರೆಲ್ಲ ಒಂದೇ ಕಾಲಲ್ಲಿದ್ದಾರೆ. ಇನ್ನೊಂದು ಕಾಲು ಖಾಲಿ. ಅದಕ್ಕೇ ನಿನಗೆ ಇಲ್ಲಿವರೆಗೆ ಏನೂ ಬಂದಿಲ್ಲ. ಹೊಸ ಕಂಪನಿಯಲ್ಲಿ ಯಾರು ಸೇರಿಸಿದ್ದು ಅಂತ ನೋಡ್ತಾರೆ. ಎಲ್ಲರನ್ನೂ ಸೇರಿಸಿದ್ದು ನಾನು ಅಂತಿದೆ."

"ಎಲ್ಲರನ್ನೂ ಅಂದ್ರೆ? ಇಲ್ಲಿಯೋರನ್ನ ಕರ್ಕೊಂಡು ಬಂದಿದ್ದು ನಾನು. ಊಟದ ಹೊತ್ತಲ್ಲಿ ಅವರ ಕಾಲಿಗೆ ಬಿದ್ದಿದ್ದು ನಾನು."

"ಅವರೂ ನನ್ನ ಹೆಸರಲ್ಲಿದ್ದಾರೆ."

ಉರುಳೆಯಿಂದ ಇನ್ನೊಂದು ಚಾದರ ಹೊರಬಂದು ಯಾರೂ ಹಿಡಿಯದೆ ಮುದ್ದೆಯಾಗಿ ಬಿತ್ತು. ಆ ಕಡೆಯಿಂದ ಯಾರೋ "ಏಯ್, ನಿದ್ದೆ ಬಂತೇನ್ರೇ?" ಅಂತ ಕೂಗಿದರು.

ಓರಗಿತ್ತಿ ಸಣ್ಣ ದನಿಯಲ್ಲಿ ಕೇಳಿದಳು, "ಹಾಗಾದ್ರೆ ನಿನಗೆ ಬರ‍್ತಿತ್ತಲ್ಲ ದುಡ್ಡು, ಅದು ಯಾರದ್ದು?"

ಇಷ್ಟು ದೂರ ಓಡಿ ಬಂದ ಕತ್ತರಿ ಅಕ್ಕನಿಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ. ಸುಳ್ಳು ಹೇಳಲು ಜಾಗವೇನೋ ಇತ್ತು. ಕಂಪನಿಯ ಮೇಲೆ ಹಾಕಬಹುದಿತ್ತು, ಕೋಟಿನ ಮೇಲೆ ಹಾಕಬಹುದಿತ್ತು.

"ನಿನ್ನ ಐದು ಜನದ್ದು" ಅಂದಳು. "ಅವರಿಂದಲೇ ನನ್ನ ಬಲಗಾಲು ನಿಂತಿದ್ದು. ಎಲ್ಲಾ ಮನೇದೇ ಅಂದ್ಕೊಂಡೆ. ಇವತ್ತು ನಿನ್ನ ಜಾಗದಲ್ಲಿ ಕೂತು ನೋಡೋವರೆಗೂ ನನಗೆ ಕಾಣಲಿಲ್ಲ."

"ಒಂದು ವರ್ಷ ಕಾಣಲಿಲ್ವಾ?"



ಆಗ ಸೀಟಿ ಕೇಳಿಸಿತು, ಉದ್ದವಾಗಿ. ಉರುಳೆ ನಿಧಾನವಾಗಿ ನಿಂತಿತು. ಯಂತ್ರದ ಸದ್ದು ಇಳಿದ ಮೇಲೆ ನಲ್ಲಿಯಿಂದ ನೀರು ತೊಟ್ಟಿಕ್ಕುವುದೂ ಕೇಳುವಷ್ಟು ಮೌನ. ಮೇಲ್ವಿಚಾರಕಿ ಮೆಟ್ಟಿಲಿಳಿದು ಬಂದಳು. ಅವಳ ಹಿಂದೆ, ಒಳಗೆ ಬರಲೋ ಬೇಡವೋ ಅಂತ ಬಾಗಿಲಿಗೆ ಒರಗಿ, ಒಬ್ಬ ತೆಳ್ಳನೆಯ ಹೆಂಗಸು. ಜಾಗಕ್ಕೆ ಕಾದಿದ್ದವಳು.

"ಏನಮ್ಮ, ಇರ‍್ತೀಯೋ ಹೋಗ್ತೀಯೋ? ಬೆಳಿಗ್ಗೆ ಬೇಡ ಅನ್ನೋ ಹಾಗೆ ಗೊಣಗ್ತಿದ್ದೆ. ಬಾಯಿ ಬಿಟ್ಟು ಹೇಳು. ಅವಳನ್ನೂ ಕಾಯಿಸೋಕಾಗಲ್ಲ."

ಓರಗಿತ್ತಿ ಕತ್ತರಿ ಅಕ್ಕನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಏನಿದೆ ಅಂತ ಇವಳಿಗೆ ತಿಳಿಯಲಿಲ್ಲ. ಸಿಟ್ಟಿಗೇ ಬೇಡ ಅಂದುಬಿಟ್ಟರೆ? ನಿನ್ನ ಮಾತನ್ನು ಇನ್ನು ಯಾಕೆ ಕೇಳಲಿ ಅಂತ ಹಟಕ್ಕೆ ಬಿದ್ದರೆ? ಅವಳ ಹಟ ಮನೆಯವರಿಗೆಲ್ಲ ಗೊತ್ತು; ಒಮ್ಮೆ ಅತ್ತೆಯ ಒಂದು ಮಾತಿಗೆ ಎರಡು ದಿನ ಉಪವಾಸ ಕೂತವಳು. ಕತ್ತರಿ ಅಕ್ಕ ತುಟಿ ಕಚ್ಚಿ ನಿಂತಳು. ಇನ್ನೊಂದು ಮಾತಾಡಿದರೆ ಅದೇ ಕೆಡಿಸಬಹುದು.

"ಇರ‍್ತೀನಿ ಮೇಡಮ್" ಅಂದಳು ಓರಗಿತ್ತಿ. "ಬೇಡ ಅಂತ ನಾನೆಲ್ಲಿ ಅಂದೆ? ಗೊಣಗಿದ್ದು ಬೇರೆ ವಿಷಯಕ್ಕೆ."

"ಸರಿ. ಮೇಲೆ ಬಂದು ಸಹಿ ಹಾಕು."

ಬಾಗಿಲಲ್ಲಿದ್ದ ಹೆಂಗಸು ಸುಮ್ಮನೆ ತಿರುಗಿ ಮೆಟ್ಟಿಲು ಹತ್ತಿದಳು. ಕತ್ತರಿ ಅಕ್ಕ ಓರಗಿತ್ತಿಯ ಹತ್ತಿರ ಹೋದಳು. "ಬದುಕಿಸಿದೆ ಕಣೇ" ಅಂತ ಕೈ ಚಾಚಿದಳು.

ಓರಗಿತ್ತಿ ಆ ಕೈ ಮುಟ್ಟಲಿಲ್ಲ. ಬಿದ್ದಿದ್ದ ಚಾದರವನ್ನು ಎತ್ತಿ ಒಬ್ಬಳೇ, ಗದ್ದದ ಕೆಳಗೆ ಸಿಕ್ಕಿಸಿ ಮಡಚಿದಳು.

"ನನ್ನದಾಯ್ತು" ಅಂದಳು. "ಆ ಐದು ಜನದ್ದು?"

"ನಾಳೆ ಮನೆಗೆ ಕರ‍್ಸು, ಕೂತು ಮಾತಾಡ್ತೀನಿ."

"ನಾಳೆ ಅಲ್ಲ. ಸಂಜೆ ಮೀಟಿಂಗಿಗೆ ಅಂತ ಬಟ್ಟೆ ಬದಲಾಯಿಸೋಕೆ ಒಳಗೆ ಹೋಗಿದ್ದಾರೆ. ಈಗ ಹೊರಗೆ ಬರ‍್ತಾರೆ. ನಾನು ಹೇಳಲ್ಲ ಅಕ್ಕ. ನನ್ನ ಮುಖ ನೋಡಿ ಸೇರಿದ್ರು, ನಿನ್ನ ಹೆಸರಲ್ಲಿ ಇದ್ದಾರೆ. ನೀನೇ ಹೇಳು." ಅಷ್ಟಂದು ಸಹಿ ಹಾಕಲು ಮೇಲೆ ಹೋದಳು. ಅವಳ ಚಪ್ಪಲಿಯ ಸದ್ದು ಮೆಟ್ಟಿಲ ತುದಿಯವರೆಗೂ ಕೇಳಿಸಿತು.

ಬಟ್ಟೆ ಬದಲಿಸುವ ಕೋಣೆಯೊಳಗೆ ನಗು, ಯಾರೋ ಯಾರಿಗೋ ಬಾಚಣಿಗೆ ಕೇಳುವ ಮಾತು. ಚಿಲಕ ತೆಗೆದ ಸದ್ದಾಯಿತು. ಮೊದಲು ಬಂದವಳು ವಯಸ್ಸಾದ ಒಗೆಯುವವಳು, ಒಪ್ಪವಾಗಿ ತಲೆ ಬಾಚಿಕೊಂಡಿದ್ದಳು. ಆ ಕೂದಲನ್ನು ಕತ್ತರಿಸಿದ್ದು ಕತ್ತರಿ ಅಕ್ಕನೇ.

"ಅಯ್ಯೋ, ನೀವೇ ಕರ‍್ಕೊಂಡು ಹೋಗೋಕೆ ಬಂದ್ರಾ!" ಅಂದಳು ಆಕೆ, ಸಂತೋಷದಿಂದ. "ಬನ್ರೇ ಬೇಗ, ಅಕ್ಕ ಬಂದಿದ್ದಾರೆ."

ಐವರೂ ಬಂದು ಸುತ್ತ ನಿಂತರು. ಯಾರ ಕುತ್ತಿಗೆಗೂ ಬಟ್ಟೆ ಬಿಗಿದಿರಲಿಲ್ಲ, ಯಾರು ಬೇಕಾದರೂ ತಿರುಗಿ ಹೋಗಬಹುದಿತ್ತು. ಕತ್ತರಿ ಅಕ್ಕ ಅಂಗೈಗೆ ಅಂಟಿದ್ದ ಸೋಪನ್ನು ಬಟ್ಟೆಗೆ ಒರೆಸಿಕೊಂಡಳು.

"ಮೀಟಿಂಗಿಗೆ ಹೋಗೋದಿಲ್ಲ" ಅಂದಳು. "ಒಂದು ವಿಷಯ ಹೇಳಬೇಕು. ಪೂರ್ತಿ ಕೇಳಿ, ಆಮೇಲೆ ಬೈಯಿರಿ."